ಕಿಂಗ್ಸ್ ಸರ್ಕಲಿನ ನೀರು ಕುಡಿದ ಸೈಕಲು: ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟಿದ ಲೆಕ್ಕ

ಬಾಟಮ್ ಬ್ರಾಕೆಟ್ಟಿನ (ಪೆಡಲುಗಳ ಅಚ್ಚು ತಿರುಗುವ, ಫ್ರೇಮಿನ ತಳದ ಅಡ್ಡ ಕೊಳವೆ ಮತ್ತು ಅದರ ಬೇರಿಂಗು) ಎಡಗಡೆಯ ಕಪ್ಪು, ಅಂದರೆ ಬೇರಿಂಗು ಹಿಡಿದಿರುವ ಬಟ್ಟಲು, ಎರಡು ಸುತ್ತು ಸಡಿಲವಾಗುತ್ತಿದ್ದಂತೆ ಚಹಾ ಬಣ್ಣದ ನೀರು ಇಳಿಯತೊಡಗಿತು. ಕೆಳಗಿಟ್ಟ ಡಬ್ಬದಲ್ಲಿ ಸೇರಿದ್ದು ಸುಮಾರು ಅರ್ಧ ಲೋಟ. ಮಳೆ ನಿಂತು ಹತ್ತು ದಿನವಾಗಿತ್ತು, ಹೊರಗಿನಿಂದ ನೋಡಿದರೆ ಸೈಕಲು ಪೂರ್ತಿ ಒಣಗಿತ್ತು. ಮೇಲೆ ಬಿದ್ದ ಮಳೆ ಎರಡು ತಾಸಿನಲ್ಲಿ ಆರುತ್ತದೆ. ಕೊಳವೆಯೊಳಗೆ ಹೊಕ್ಕ ನೀರು ಯಾರಾದರೂ ಬಿಚ್ಚುವ ತನಕ ಕೂತೇ ಇರುತ್ತದೆ. ಈ ಕೆಲಸದಲ್ಲಿ ಮಾಡಿದ್ದರಲ್ಲಿ ಅರ್ಧ ಪಾಲು ಆ ನೀರಿಗೆ ಹೊರಹೋಗುವ ದಾರಿ ಮಾಡಿದ್ದು, ಉಳಿದರ್ಧ ಅದು ತಿಂದುಹಾಕಿದ್ದನ್ನು ಬದಲಿಸಿದ್ದು.

ಸೈಕಲು ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲೊಂದರ ಬೆಳಗಿನ ಪಾಳಿಯವರೊಬ್ಬರದು. ಚೆಂಬೂರಿನಿಂದ ಸಾಯನ್ ಮೇಲೆ ಹಾದು ಕಿಂಗ್ಸ್ ಸರ್ಕಲಿಗೆ ಹೋಗಲು ಸುಮಾರು 7 ಕಿ.ಮೀ., ಬರಲು ಅಷ್ಟೇ. ಉಕ್ಕಿನ ಫ್ರೇಮು, 700×35ಸಿ ಟೈರು, 3×7 ಗಿಯರು (ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರ), ರಿಮ್ಮನ್ನು ಎರಡು ತೋಳುಗಳಿಂದ ಒತ್ತುವ ವಿ-ಬ್ರೇಕು, ಹಿಂದೆ ನಟ್ಟಿನ ಅಚ್ಚು, ಮುಂದೆ ಕ್ವಿಕ್ ರಿಲೀಸು, ಅಂದರೆ ಲಿವರ್ ಎತ್ತಿದರೆ ಸಡಿಲವಾಗುವ ಅಚ್ಚು. ದೂರು ಇಷ್ಟೇ: "ಪೆಡಲ್ ತುಳಿದ್ರೆ ಎಂತದೋ ಕಟಕಟ ಮಾರಾಯ್ರೆ, ಬ್ರೇಕೂ ಹಿಡಿಯುದಿಲ್ಲ."

ಈ ದಾರಿಯಲ್ಲಿ ಗಾಂಧಿ ಮಾರ್ಕೆಟಿನ ತಗ್ಗು ಇದೆ. ಸಮುದ್ರದ ಉಬ್ಬರ 4.5 ಮೀಟರ್ ದಾಟಿದ ಹೊತ್ತಿಗೇ ಜೋರು ಮಳೆಯೂ ಬಂದರೆ ಚರಂಡಿಗಳ ನೀರು ಕಡಲಿಗೆ ಇಳಿಯುವುದಿಲ್ಲ, ರಸ್ತೆಗೇ ವಾಪಸು ಬರುತ್ತದೆ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ 2005ರ ಜುಲೈ 26ರಂಥ ಮಳೆಯೇ ಬೇಕೆಂದಿಲ್ಲ, ಸಾಧಾರಣ ಜುಲೈ ಸಾಕು. ಈ ಅಳತೆಯ ಗಾಲಿಯಲ್ಲಿ ಅಚ್ಚು ನೆಲದಿಂದ ಸುಮಾರು 34 ಸೆಂ.ಮೀ. ಎತ್ತರದಲ್ಲಿರುತ್ತದೆ, ಬಾಟಮ್ ಬ್ರಾಕೆಟ್ 28 ಸೆಂ.ಮೀ. ಆಸುಪಾಸು. ಅಂದರೆ ನೀರು ಮೊಣಕಾಲು ಮುಟ್ಟುವ ಮೊದಲೇ ಬಾಟಮ್ ಬ್ರಾಕೆಟ್ ಮುಳುಗಿರುತ್ತದೆ, ಅದರ ಹಿಂದೆಯೇ ಹಬ್ಬುಗಳ, ಅಂದರೆ ಗಾಲಿಯ ನಡುಗುಂಬಗಳ, ಸರದಿ. ಒಳಗೆ ಹೋಗುವುದು ಬರೀ ಮಳೆ ನೀರಲ್ಲ. ಅದರ ಜೊತೆಗೆ ಚರಂಡಿಯ ರಾಡಿ, ನುಣ್ಣನೆಯ ಮರಳು, ಸ್ವಲ್ಪ ಉಪ್ಪು.

ಬಿಚ್ಚುವ ಮೊದಲು ಕೇಳಿಸಿಕೊಂಡದ್ದು

ಕಟಕಟ ಎಲ್ಲಿಂದ ಬರುತ್ತದೆ ಎಂದು ಗೊತ್ತುಮಾಡದೆ ಸ್ಪ್ಯಾನರ್ ಹಿಡಿದರೆ ಅರ್ಧ ದಿನ ಹಾಳು. ಪೆಡಲಿನ ಒಂದು ಸುತ್ತಿಗೆ ಒಂದು ಸಲ ಸದ್ದು ಬಂದರೆ ಕ್ರ್ಯಾಂಕು (ಪೆಡಲು ಸಿಕ್ಕಿಸಿದ ತೋಳು), ಬಾಟಮ್ ಬ್ರಾಕೆಟ್ ಅಥವಾ ಪೆಡಲಿನದು. ಮೂರು ಸುತ್ತಿಗೆ ಒಂದು ಸಲ ಬಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದಿದೆ ಎಂದರ್ಥ, ಯಾಕೆಂದರೆ 116 ಕೊಂಡಿಯ ಚೈನು 38 ಹಲ್ಲಿನ ನಡುಚಕ್ರದ ಮೇಲೆ ಒಂದು ಪ್ರದಕ್ಷಿಣೆ ಮುಗಿಸಲು ಮೂರು ಸುತ್ತು ಬೇಕು. ಎದ್ದು ನಿಂತು ತುಳಿದಾಗ ಸದ್ದು ನಿಂತುಹೋದರೆ ಸೀಟಿನ ಕಂಬವನ್ನು ನೋಡಬೇಕು. ಇಲ್ಲಿ ಪ್ರತಿ ಸುತ್ತಿಗೂ, ಬಲಗಾಲು ಕೆಳಗಿಳಿಯುವಾಗ. ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆಗೆ ಅಲ್ಲಾಡಿಸಿದರೆ ಎರಡೂ ಕ್ರ್ಯಾಂಕುಗಳು ಒಟ್ಟಿಗೇ ಅಲ್ಲಾಡಿದವು. ಒಂದೇ ಅಲ್ಲಾಡಿದ್ದರೆ ಅದರ ಬೋಲ್ಟು ಸಡಿಲ ಎಂದು ತಿಳಿಯಬಹುದಿತ್ತು. ಎರಡೂ ಅಲ್ಲಾಡಿದರೆ ಬೇರಿಂಗೇ ಹೋಗಿದೆ.

ಮೊದಲ ಸಂಜೆ: ಗಾಲಿ ನೆಲದ ಮೇಲಿರುವಾಗಲೇ ಬಿಗಿಯಾದದ್ದೆಲ್ಲ

ಸೈಕಲು ನೇತುಹಾಕಿದ ಮೇಲೆ, ಚೈನು ಬಿಚ್ಚಿದ ಮೇಲೆ, ತುಕ್ಕು ಹಿಡಿದ ಬೋಲ್ಟಿಗೆ ಜೋರು ಹಾಕಲು ಆಧಾರವೇ ಸಿಗುವುದಿಲ್ಲ. ಅದಕ್ಕೇ ಎರಡೂ ಪೆಡಲು ಮತ್ತು ಎರಡೂ ಕ್ರ್ಯಾಂಕ್ ಬೋಲ್ಟುಗಳನ್ನು ಸೈಕಲು ನೆಲದ ಮೇಲೆ ನಿಂತಿರುವಾಗಲೇ ಸಡಿಲಿಸಬೇಕು. ಹಿಂದಿನ ದಿನವೇ ಪ್ರತಿಯೊಂದರ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಾಗಿತ್ತು.

ಪೆಡಲಿಗೆ 15 ಮಿ.ಮೀ. ಸ್ಪ್ಯಾನರ್. ಎಡ ಪೆಡಲಿನ ಥ್ರೆಡ್ಡು ಉಲ್ಟಾ, ಇದು ಎಷ್ಟು ಸಲ ಹೇಳಿದರೂ ಮರೆಯುತ್ತದೆ. ನೆನಪಿಡಲು ಸುಲಭದ ದಾರಿ: ಸ್ಪ್ಯಾನರಿನ ಹಿಡಿ ಮೇಲಕ್ಕೆ ಬರುವಂತೆ ಕೂರಿಸಿ, ಹಿಂದಿನ ಗಾಲಿಯ ಕಡೆಗೆ ಎಳೆದರೆ ಎರಡೂ ಪೆಡಲು ಸಡಿಲವಾಗುತ್ತವೆ.

ಕ್ರ್ಯಾಂಕ್ ಬೋಲ್ಟು 14ರದ್ದು, ಸಾಕೆಟ್ಟೇ ಬೇಕು. ಬೋಲ್ಟು ಬಂದ ಮೇಲೆ ಒಳಗೆ ವಾಷರ್ ಉಳಿದಿದೆಯೇ ಎಂದು ಟಾರ್ಚು ಹಾಕಿ ನೋಡಬೇಕು. ಎಣ್ಣೆ ಕೊಳೆಯಲ್ಲಿ ಅದು ಕಾಣಿಸುವುದೇ ಇಲ್ಲ. ವಾಷರ್ ಒಳಗಿರುವಾಗ ಕ್ರ್ಯಾಂಕನ್ನು ಎಳೆದು ತೆಗೆಯುವ ಸಾಧನ ಹಾಕಿ ತಿರುಗಿಸಿದರೆ ಅದು ಅಚ್ಚನ್ನು ಒತ್ತುವ ಬದಲು ಕ್ರ್ಯಾಂಕಿನ ಮೇಲೇ ಕೂತಿರುವ ವಾಷರನ್ನು ಒತ್ತುತ್ತದೆ, ಅಲ್ಯೂಮಿನಿಯಮ್ಮಿನ ಥ್ರೆಡ್ಡು ಕಿತ್ತು ಕೈಗೆ ಬರುತ್ತದೆ. ಇನ್ನೊಂದು ತಪ್ಪು, ಸಾಧನವನ್ನು ಎರಡೇ ಸುತ್ತು ಒಳಗೆ ಬಿಟ್ಟು ಜೋರು ಹಾಕುವುದು. 22 ಮಿ.ಮೀ. ವ್ಯಾಸದ, 1 ಮಿ.ಮೀ. ಪಿಚ್ಚಿನ ಆ ಥ್ರೆಡ್ಡು ಪೂರ್ತಿ ಒಳಗಿಳಿಯಬೇಕು, ಕೈಯಲ್ಲೇ ಇಳಿಯಬೇಕು. ಕೈಯಲ್ಲಿ ಇಳಿಯದಿದ್ದರೆ ಸೂಜಿಯಿಂದ ಥ್ರೆಡ್ಡಿನ ಕೊಳೆ ಕೆರೆದು ಮತ್ತೆ ಪ್ರಯತ್ನಿಸುವುದು. ಥ್ರೆಡ್ಡು ಆಗಲೇ ಕಿತ್ತುಹೋಗಿದ್ದರೆ ಬೋಲ್ಟಿಲ್ಲದೆ ಗಲ್ಲಿಯಲ್ಲಿ ಒಂದೆರಡು ಸುತ್ತು ತುಳಿದರೆ ಕ್ರ್ಯಾಂಕು ತಾನೇ ಸಡಿಲವಾಗುತ್ತದೆ. ಆದರೆ ಅದರ ಚೌಕ ತೂತು ಅಗಲವಾಗಿ ಕ್ರ್ಯಾಂಕು ಹಾಳು. ಹೇಗೂ ಎಸೆಯುವುದಾದರೆ ಮಾತ್ರ ಆ ದಾರಿ.

ಬಾಟಮ್ ಬ್ರಾಕೆಟ್ಟಿನಲ್ಲಿ ಬಲಗಡೆಯ ಕಪ್ಪು ಉಲ್ಟಾ ಥ್ರೆಡ್ಡು: ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದು ಮಾಮೂಲಿ. ಹಳೆಯದು ಬಿಡಿ ಕಪ್ಪು, ಅಚ್ಚು, ಪಂಜರದ ಗುಂಡುಗಳ ಜಾತಿಯದು. ಬಲಗಡೆಯ ಪಂಜರ ಮುರಿದು ಮೂರು ತುಂಡಾಗಿತ್ತು, ಅಚ್ಚಿನ ಮೇಲೆ ಗುಂಡು ಓಡುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಕುಳಿ. ಕುಳಿ ಬಿದ್ದ ಅಚ್ಚಿಗೆ ಹೊಸ ಗುಂಡು, ಹೊಸ ಗ್ರೀಸು ಹಾಕಿದರೆ ಹದಿನೈದು ದಿನ ಮೌನ, ಆಮೇಲೆ ಮತ್ತೆ ಕಟಕಟ.

ಬದಲಿಗೆ ಮುಚ್ಚಿದ ಕಾರ್ಟ್ರಿಜ್, ಅಂದರೆ ಅಚ್ಚು, ಬೇರಿಂಗು ಒಂದೇ ಕವಚದಲ್ಲಿ ಸೇರಿದ್ದು, ಹಾಕುವುದೆಂದು ತೀರ್ಮಾನ. ಅಂಗಡಿಗೆ ಹೋಗುವ ಮೊದಲು ಎರಡು ಅಳತೆ ಬೇಕು: ಫ್ರೇಮಿನ ಕೊಳವೆಯ ಅಗಲ, ಇಲ್ಲಿ 68 ಮಿ.ಮೀ.; ಹಳೆಯ ಅಚ್ಚಿನ ತುದಿಯಿಂದ ತುದಿಗೆ ಉದ್ದ, ಇಲ್ಲಿ 122.5. ಉದ್ದದಲ್ಲಿ "ಹತ್ತಿರ ಹತ್ತಿರ ನಡೀತದೆ" ಎಂದು 113 ತಂದರೆ ಒಳಗಿನ ಚಿಕ್ಕ ಚಕ್ರ ಫ್ರೇಮಿಗೆ ಉಜ್ಜುತ್ತದೆ. ಬಿಡಿಭಾಗಕ್ಕೆ ಕಾಲ್ಬಾದೇವಿಯ ಸೈಕಲ್ ಅಂಗಡಿಗಳು, ಬಿಡಿ ಗುಂಡು ಮತ್ತು ಸ್ಪ್ಯಾನರಿಗೆ ನಾಗದೇವಿ ಸ್ಟ್ರೀಟು. ಅಲ್ಲಿ ಗುಂಡು ಎಂದರೆ ಯಾರಿಗೂ ತಿಳಿಯುವುದಿಲ್ಲ, ಛರ್ರಾ ಎನ್ನಬೇಕು. ಸ್ಪ್ಯಾನರು ಪಾನಾ.

ಕೆಳಗೊಂದು ತೂತು

ಈಗ ಮುಖ್ಯ ಪ್ರಶ್ನೆ: ಆ ಅರ್ಧ ಲೋಟ ನೀರು ಒಳಗೆ ಬಂದದ್ದು ಹೇಗೆ, ಹೊರಗೆ ಹೋಗದೆ ಇದ್ದದ್ದೇಕೆ? ಬಂದ ದಾರಿ ಎರಡು. ಮುಳುಗಿದಾಗ ಕಪ್ಪಿನ ಅಂಚಿನಿಂದ ಬಂದದ್ದು ಒಂದು. ಇನ್ನೊಂದು, ದಿನದಿನವೂ ಬಂದದ್ದು: ಸೀಟಿನ ಕೊಳವೆಯ ಮೇಲ್ತುದಿಯಲ್ಲಿ ಹಿಂಬದಿಗೆ ಒಂದು ಸೀಳು ಇರುತ್ತದೆ, ಕ್ಲ್ಯಾಂಪು ಬಿಗಿದಾಗ ಕೊಳವೆ ಮುಚ್ಚಿಕೊಳ್ಳಲಿ ಎಂದು. ಹಿಂದಿನ ಗಾಲಿ ಎರಚುವ ನೀರೆಲ್ಲ ನೇರ ಆ ಸೀಳಿಗೆ. ಅಲ್ಲಿಂದ ಕೊಳವೆಯೊಳಗೆ ಇಳಿದು ಕೆಳಗಿನ ಬಾಟಮ್ ಬ್ರಾಕೆಟ್ಟಿನಲ್ಲಿ ನಿಲ್ಲುತ್ತದೆ. ಅದು ಇಡೀ ಫ್ರೇಮಿನ ಅತಿ ತಗ್ಗಿನ ಜಾಗ, ನಮ್ಮ ಗಾಂಧಿ ಮಾರ್ಕೆಟ್ ಇದ್ದ ಹಾಗೆ.

ಹೋಗದೆ ಇದ್ದದ್ದಕ್ಕೆ ಕಾರಣ ಸರಳ. ಗಿಯರ್ ತಂತಿಯ ಪ್ಲಾಸ್ಟಿಕ್ ಹಾದಿಯನ್ನು ಹಿಡಿದಿರುವ ಸ್ಕ್ರೂ ಬಿಟ್ಟರೆ ಕೆಳಗೆ ಬೇರೆ ತೂತೇ ಇರಲಿಲ್ಲ. ಹಲವು ಫ್ರೇಮುಗಳಲ್ಲಿ ತೂತು ಇರುತ್ತದೆ, ಕೆಸರು ಕಟ್ಟಿ ಮುಚ್ಚಿರುತ್ತದೆ; ಮೊದಲು ತಂತಿ ಚುಚ್ಚಿ ನೋಡಬೇಕು. ಇದರಲ್ಲಿ ಹೊಸದಾಗಿ ಕೊರೆಯಬೇಕಾಯಿತು: ಕಪ್ಪುಗಳೆಲ್ಲ ಹೊರಗಿರುವಾಗ, ಫ್ರೇಮನ್ನು ಬೋರಲು ಹಾಕಿ, ಕೊಳವೆಯ ತಳದ ನಡುಮಧ್ಯದಲ್ಲಿ ಪಂಚಿನಿಂದ ಗುರುತು ಹೊಡೆದು, 4 ಮಿ.ಮೀ. ಬಿಟ್ಟಿನಿಂದ ನಿಧಾನವಾಗಿ. ಎರಡೂ ತುದಿಯ ಥ್ರೆಡ್ಡಿನಿಂದ ತೂತು ದೂರವಿರಬೇಕು. ಕೊರೆದ ಅಂಚಿನ ಮುಳ್ಳನ್ನು ದುಂಡು ಅರದಿಂದ ತೆಗೆದು ಪ್ರೈಮರ್ ಮುಟ್ಟಿಸಬೇಕು, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರು. ದಪ್ಪ ಉಕ್ಕಿನ ಕೊಳವೆಗೆ ಈ ಸಣ್ಣ ತೂತು ಲೆಕ್ಕಕ್ಕಿಲ್ಲ. ಕಾರ್ಬನ್ ಫ್ರೇಮಿಗೆ ಡ್ರಿಲ್ಲು ಮುಟ್ಟಿಸಬಾರದು. ವಾರಂಟಿಯಲ್ಲಿರುವ ಯಾವ ಫ್ರೇಮಿಗೂ ಬೇಡ.

ಒಳಗಿನ ತುಕ್ಕಿಗೆ ತಂತಿ ಬ್ರಷ್ಷು, ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಒಂದು ದಿನ ಫ್ಯಾನಿನ ಕೆಳಗೆ. ಒಣಗಿದ ಮೇಲೆ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ. ಪೇಂಟಿನ ಅಂಗಡಿಯಲ್ಲಿ ಸಿಗುವುದು, ಅಡುಗೆಯದ್ದಲ್ಲ. ಅಡುಗೆಯ ಎಣ್ಣೆ ಒಣಗಿ ಪೊರೆ ಕಟ್ಟಲು ವಾರಗಟ್ಟಲೆ ಬೇಕು. ಸೀಟಿನ ಕೊಳವೆಗೆ 30 ಮಿ.ಲೀ., ಕೆಳಕೊಳವೆಗೆ 30, ಹಿಂಬದಿಯ ಎರಡು ಸಣ್ಣ ಕೊಳವೆಗಳಿಗೆ ಗಾಳಿತೂತಿನಿಂದ ಸಿರಿಂಜಿನಲ್ಲಿ 10-10. ತೂತುಗಳಿಗೆ ಟೇಪು ಹಚ್ಚಿ ಫ್ರೇಮನ್ನು ಎಲ್ಲಾ ಕಡೆಗೆ ಉರುಳಿಸಿ, ಟೇಪು ತೆಗೆದು, ಮಿಕ್ಕ ಎಣ್ಣೆ ಸೋರಲು ಬಿಡುವುದು. ಮೂರು ದಿನ ಒಣಗಲಿಕ್ಕೆ. ಇಲ್ಲಿನ ಹಸಿ ಹವೆಯಲ್ಲಿ ನಾಲ್ಕಾದರೂ ಆಗಬಹುದು, ಅಂಟು ಹೋಗುವ ತನಕ ಕಾಯಬೇಕು. ಥ್ರೆಡ್ಡಿನ ಮೇಲೆ ಬಿದ್ದ ಎಣ್ಣೆಯನ್ನು ಒಣಗುವ ಮೊದಲೇ ಒರೆಸಬೇಕು.

ಒಂದು ಎಚ್ಚರಿಕೆ, ಇದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಖೋಲಿಯಲ್ಲಿ ನಾಲ್ಕು ಜನ ಮಲಗುವಲ್ಲಿ ಇದು ಆಟವಲ್ಲ. ಬಟ್ಟೆಯನ್ನು ಬಿಡಿಸಿ ಹೊರಗಿನ ಹಗ್ಗಕ್ಕೆ ಹಾಕುವುದು, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸುವುದು.

ಸೀಟಿನ ಕಂಬ ಹೊರಬಂದದ್ದು ಮಂಜುಗಡ್ಡೆಯಿಂದ

ಅಗಸೆ ಎಣ್ಣೆ ಹೊಯ್ಯಬೇಕಾದರೆ ಸೀಟಿನ ಕಂಬ ಹೊರಗೆ ಬರಬೇಕಷ್ಟೇ. ಅದು ಬರಲಿಲ್ಲ. ಅಲ್ಯೂಮಿನಿಯಮ್ ಕಂಬ, ಉಕ್ಕಿನ ಕೊಳವೆ, ನಡುವೆ ಉಪ್ಪುನೀರು: ಎರಡು ಬೇರೆ ಲೋಹ ಹೀಗೆ ಕೂಡಿದರೆ ಅಲ್ಯೂಮಿನಿಯಮ್ ಸವೆದು ಬಿಳಿ ಪುಡಿಯಾಗಿ ಉಬ್ಬಿ ಗಾರೆಯಂತೆ ಹಿಡಿದುಕೊಳ್ಳುತ್ತದೆ. ಹಾಕುವಾಗ ಒಂದು ಚಮಚ ಗ್ರೀಸು ಸವರಿದ್ದರೆ ಈ ಪಾಡಿಲ್ಲ.

ಇಂಥಲ್ಲಿ ಹೆಚ್ಚಿನವರು ಬಿಸಿನೀರು ಹೊಯ್ಯುತ್ತಾರೆ. ಅದು ತಿರುಗಾಮುರುಗಾ ಕೆಲಸ. ಒಂದೇ ಬಿಸಿಗೆ ಅಲ್ಯೂಮಿನಿಯಮ್ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ, ಒಳಗಿರುವ ಕಂಬ ಇನ್ನೂ ಬಿಗಿಯಾಗುತ್ತದೆ. ತಣ್ಣಗೆ ಮಾಡಿದರೆ ಅದೇ ಲೆಕ್ಕದಲ್ಲಿ ಕಂಬ ಹೆಚ್ಚು ಕುಗ್ಗುತ್ತದೆ. ಕುಗ್ಗುವುದು ಕೂದಲಿಗಿಂತ ಎಷ್ಟೋ ಕಡಿಮೆ, ಆದರೆ ಬಿಳಿ ಪುಡಿಯ ಹಿಡಿತ ಬಿರುಕು ಬಿಡಲು ಅಷ್ಟು ಸಾಕು. ಕ್ಲ್ಯಾಂಪು ತೆಗೆದು, ಸೀಳಿನಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಗ್ಗೆ ಮೀನಿನ ಮಾರ್ಕೆಟಿನಿಂದ ತಂದ ಮಂಜನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಂಬಕ್ಕೆ ಸುತ್ತಿ ಅರ್ಧ ತಾಸು. ಆಮೇಲೆ ಕಂಬದ ತಲೆಯನ್ನು ವೈಸಿನಲ್ಲಿ ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿಕೆಯಂತೆ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸುವುದು. ನೇರ ಎಳೆಯುವುದರಿಂದ ಏನೂ ಆಗದು, ತಿರುಗಿಸುವುದೇ ಉಪಾಯ. ಮೂರನೆಯ ಸಲಕ್ಕೆ ಕೀಚಲು ಸದ್ದು ಮಾಡಿ ಬಿಟ್ಟುಕೊಟ್ಟಿತು. ವೈಸಿನ ಹಲ್ಲು ಬಿದ್ದು ಕಂಬದ ತಲೆ ಹಾಳಾಗುತ್ತದೆ, ಹೊಸ 27.2 ಮಿ.ಮೀ. ಕಂಬ ಮೊದಲೇ ತಂದಿಟ್ಟುಕೊಳ್ಳುವುದು ಜಾಣತನ.

ಎರಡನೆಯ ಸುತ್ತು: ಹಬ್ಬುಗಳು

ಹಿಂದಿನ ಗಾಲಿಯಲ್ಲಿ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ತೆಗೆಯದೆ ಬಲಗಡೆಯ ಬೇರಿಂಗು ಸರಿಯಾಗಿ ಶುಚಿಯಾಗುವುದಿಲ್ಲ, ಅದು ಒಳಗೆ ಬಾವಿಯ ತಳದಂತೆ ಕೂತಿರುತ್ತದೆ. 12 ಹಲ್ಲಿನ ಫ್ರೀವೀಲ್ ರಿಮೂವರ್ ಕೂರಿಸಿ, ಜಾರದಂತೆ ಅಚ್ಚಿನ ನಟ್ಟನ್ನು ಮೇಲಿನಿಂದ ಕೈಬಿಗಿ ಹಾಕಿ, ರಿಮೂವರನ್ನು ವೈಸಿಗೆ ಕಚ್ಚಿಸಿ, ಮೇಲಿರುವ ಗಾಲಿಯನ್ನು ಬಸ್ಸಿನ ಸ್ಟೀರಿಂಗಿನಂತೆ ಹಿಡಿದು ಗಡಿಯಾರಕ್ಕೆ ವಿರುದ್ಧ ತಿರುಗಿಸಬೇಕು. ಮೊದಲ ಸಡಿಲಕ್ಕೇ ನಿಲ್ಲಿಸಿ ನಟ್ಟು ತೆಗೆಯದಿದ್ದರೆ, ಹೊರಬರುವ ಫ್ರೀವೀಲು ನಟ್ಟಿಗೆ ಒತ್ತಿ ಅಚ್ಚನ್ನೇ ಬಗ್ಗಿಸುತ್ತದೆ.

ಅಚ್ಚು ಬಿಚ್ಚುವಾಗ ಎಡಗಡೆಯ ಕೋನು (ಗುಂಡುಗಳನ್ನು ಕಪ್ಪಿಗೆ ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್ಟು) ಮಾತ್ರ ತೆಗೆಯುವುದು. ಬಲಗಡೆಯದು ಅಚ್ಚಿನ ಮೇಲೆ ಎಲ್ಲಿದೆಯೋ ಅಲ್ಲೇ ಇದ್ದರೆ ಮರುಜೋಡಣೆಯಲ್ಲಿ ಗಾಲಿ ನಡುವಿಗೆ ಬರುತ್ತದೆ. ಕೋನಿಗೆ ತೆಳು ಸ್ಪ್ಯಾನರೇ ಬೇಕು, ಮುಂದೆ 13, ಹಿಂದೆ 15. ಗುಂಡು ಮುಂದೆ 3/16 ಇಂಚಿನವು ಬದಿಗೆ ಹತ್ತರಂತೆ ಇಪ್ಪತ್ತು. ಹಿಂದೆ 1/4 ಇಂಚಿನವು ಬದಿಗೆ ಒಂಬತ್ತರಂತೆ ಹದಿನೆಂಟು. ನಾಲ್ಕೈದು ಹೆಚ್ಚು ತರಬೇಕು, ಒಂದಾದರೂ ಮಂಚದಡಿ ಉರುಳಿ ಹೋಗುತ್ತದೆ. ಹಳೆಯ ಗುಂಡಿನ ಜೊತೆ ಹೊಸದು ಬೆರೆಸಬಾರದು. ಸವೆದ ಗುಂಡು ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬಿದ್ದು ಅದೇ ಕಪ್ಪನ್ನು ಕೆರೆಯುತ್ತದೆ.

ಇಲ್ಲಿ ಮುಂದಿನ ಹಬ್ಬಿನಲ್ಲಿ ಗ್ರೀಸು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಬೆರೆತಿದೆ. ಕೋನು, ಕಪ್ಪು ಎರಡೂ ನುಣುಪಾಗಿ ಉಳಿದಿದ್ದವು. ಹಿಂದಿನದರಲ್ಲಿ ಬಲಗಡೆಯ ಕೋನು ಹೋಗಿತ್ತು, ಕಪ್ಪು ಬದುಕಿತ್ತು. ಕೋನು ಬದಲಿಸಬಹುದು, ಕಪ್ಪು ಹೋದರೆ ಹಬ್ಬೇ ಹೋಯಿತು. ಅದಕ್ಕೇ ಒರಟು ಸದ್ದು ಕೇಳಿದ ದಿನವೇ ತೆಗೆದು ನೋಡುವುದು ಅಗ್ಗ.

ಗ್ರೀಸು ಕಪ್ಪಿನ ತುಂಬ, ಗುಂಡು ಅದರಲ್ಲಿ ಅರ್ಧ ಮುಳುಗುವಷ್ಟು. ಬಿಗಿ ನೋಡುವ ಕ್ರಮ ಎರಡು ಗಾಲಿಗೂ ಒಂದೇ ಅಲ್ಲ. ಹಿಂದಿನ ನಟ್ಟಿನ ಅಚ್ಚಿಗೆ ಕೈಯಲ್ಲಿ ಹಿಡಿದಾಗಲೇ ಅಲ್ಲಾಟವೂ ಇರಬಾರದು, ಒರಟೂ ಇರಬಾರದು. ಮುಂದಿನ ಕ್ವಿಕ್ ರಿಲೀಸಿನ ಟೊಳ್ಳು ಅಚ್ಚು ಲಿವರ್ ಮುಚ್ಚಿದಾಗ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಕೈಯಲ್ಲಿರುವಾಗ ಒಂದಿಷ್ಟು ಅಲ್ಲಾಟ ಬಿಡಬೇಕು, ಸೈಕಲಿಗೆ ಹಾಕಿ ಲಿವರ್ ಮುಚ್ಚಿದ ಮೇಲೆ ಅದು ಮಾಯವಾಗಬೇಕು. ಕೊನೆಯ ಪರೀಕ್ಷೆ: ಗಾಲಿಯನ್ನು ಎತ್ತಿ ಹಿಡಿದು ಬಿಟ್ಟರೆ ಅದರ ಭಾರವಾದ ಜಾಗ ತಾನೇ ಕೆಳಗೆ ಬಂದು ತೂಗಿ ನಿಲ್ಲಬೇಕು.

ಫ್ರೀವೀಲಿನ ಒಳಗೆ ಗ್ರೀಸು ತುಂಬುವ ಅಭ್ಯಾಸ ಕೆಲವು ಅಂಗಡಿಗಳಲ್ಲಿದೆ. ಗ್ರೀಸಿನಲ್ಲಿ ಒಳಗಿನ ಸಣ್ಣ ಕೊಕ್ಕೆಗಳು ಅಂಟಿಕೊಂಡು ಸಮಯಕ್ಕೆ ಏಳುವುದಿಲ್ಲ, ಪೆಡಲು ಖಾಲಿ ಜಾರುತ್ತದೆ, ಸಾಯನ್ ಸಿಗ್ನಲಿನಲ್ಲಿ ಎದ್ದು ತುಳಿಯುವಾಗ ಮುಖ ಹ್ಯಾಂಡಲಿಗೆ. ಸೀಮೆಎಣ್ಣೆಯಲ್ಲಿ ಅದ್ದಿ ತಿರುಗಿಸಿ, ಒಣಗಿಸಿ, ಮಲಗಿಸಿಟ್ಟು ಒಳ-ಹೊರ ಭಾಗಗಳ ನಡುವಿನ ಸಂದಿಗೆ 90ರ ಗಿಯರ್ ಆಯಿಲ್ ತೊಟ್ಟು ತೊಟ್ಟಾಗಿ, ಇನ್ನೊಂದು ಬದಿಯಿಂದ ಶುಚಿಯಾಗಿ ಹೊರಬರುವ ತನಕ. ಹಿಂದಕ್ಕೆ ತಿರುಗಿಸಿದಾಗಿನ ಟಿಕ್‌ಟಿಕ್ ಸದ್ದು ಮೆತ್ತಗಾದರೆ ಆಯಿತು. ಹಬ್ಬಿನ ಥ್ರೆಡ್ಡಿಗೆ ಮಾತ್ರ ಗ್ರೀಸು ಬೇಕೇ ಬೇಕು.

ಹೆಡ್‌ಸೆಟ್ಟಿನಲ್ಲಿ, ಅಂದರೆ ಹ್ಯಾಂಡಲು ತಿರುಗುವ ಬೇರಿಂಗುಗಳಲ್ಲಿ, ಹೆಚ್ಚಿನ ಕತೆಯಿಲ್ಲ. ಕೆಳಗಿನ ಬೇರಿಂಗು ಒಣಗಿತ್ತು, ಮೇಲಿನದು ಹೊಸದರಂತಿತ್ತು. ಮುಂದಿನ ಗಾಲಿಯ ನೀರು ಬೀಳುವುದು ಕೆಳಗಿನದಕ್ಕೇ. ಪಂಜರ ಬದಲಿಸಿ, ಗ್ರೀಸು ತುಂಬಿ, ಹಳೆಯ ಟ್ಯೂಬಿನ 4 ಸೆಂ.ಮೀ. ಅಗಲದ ಬಳೆಯೊಂದನ್ನು ಸಂದಿ ಮುಚ್ಚುವಂತೆ ತೊಡಿಸಿದ್ದು. ಜೋಡಿಸುವಾಗ ಮೇಲಿನ ಮುಚ್ಚಳದ ಬೋಲ್ಟು ಅಲ್ಲಾಟ ತೆಗೆಯಲಿಕ್ಕೆ ಮಾತ್ರ. ನಿಜವಾಗಿ ಹಿಡಿದಿಡುವುದು ಹ್ಯಾಂಡಲು ಹಿಡಿದಿರುವ ಸ್ಟೆಮ್ಮಿನ ಅಕ್ಕಪಕ್ಕದ ಬೋಲ್ಟುಗಳು, ಅವು 5 ನ್ಯೂಟನ್ ಮೀಟರಿಗೆ, ಒಂದಾದ ಮೇಲೊಂದು ಸರದಿಯಲ್ಲಿ.

ಕಾರ್ಟ್ರಿಜ್ ಹಾಕಿ, ಚೈನು ಅಳೆದು

ಕಾರ್ಟ್ರಿಜ್ಜಿನ ಎರಡೂ ಬದಿಯ ಥ್ರೆಡ್ಡಿಗೆ ಗ್ರೀಸು ಸವರಿ, ಮೊದಲ ನಾಲ್ಕೈದು ಸುತ್ತು ಕೈಯಲ್ಲೇ. ಕೈಯಲ್ಲಿ ಹೋಗದಿದ್ದರೆ ಓರೆ ಹಿಡಿದಿದೆ ಎಂದೇ ಲೆಕ್ಕ, ಸ್ಪ್ಯಾನರ್ ಹಾಕಿ ಸೋಲಿಸಲು ಹೋಗಬಾರದು. ಬಿಗಿ 50ರಿಂದ 70 ನ್ಯೂಟನ್ ಮೀಟರ್. ಟಾರ್ಕ್ ಸ್ಪ್ಯಾನರ್ ಇಲ್ಲದವರಿಗೆ ಅಂದಾಜು: 30 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 20 ಕಿಲೋ ಅಕ್ಕಿಚೀಲ ಎತ್ತುವಷ್ಟು ಜೋರು. ಕ್ರ್ಯಾಂಕ್ ಬೋಲ್ಟಿಗೆ ಅದೇ ಜೋರು, 20 ಸೆಂ.ಮೀ. ಹಿಡಿ, ಸುಮಾರು 40 ಆಗುತ್ತದೆ.

ಚೈನು ಅಳೆಯಲು ಉಕ್ಕಿನ ಸ್ಕೇಲು ಸಾಕು. ಹೊಸ ಚೈನಿನಲ್ಲಿ 24 ಕೊಂಡಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, 304.8 ಮಿ.ಮೀ. 307 ಮುಟ್ಟಿದರೆ ಬದಲಿಸುವ ಹೊತ್ತು. 308 ದಾಟಿದ್ದರೆ ಫ್ರೀವೀಲಿನ ಹಲ್ಲೂ ಅದರ ಜೊತೆ ಸವೆದಿದೆ, ಹೊಸ ಚೈನು ಅದರ ಮೇಲೆ ಹಾರುತ್ತದೆ. ಇಲ್ಲಿ 307ಕ್ಕೆ ಸ್ವಲ್ಪ ಮೇಲೆ. ಚೈನು ಹೊಸದು, ಫ್ರೀವೀಲು ಹಳೆಯದೇ. ಪ್ರತಿ ಹಲ್ಲುಚಕ್ರದ ಮೇಲೂ ಬ್ರೇಕು ಹಿಡಿದು ಜೋರಾಗಿ ತುಳಿದು ನೋಡಿ, ಹಾರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಒಪ್ಪಿದ್ದು. ಹೊಸ ಚೈನಿನ ಉದ್ದ ಹಳೆಯದರ ಪಕ್ಕದಲ್ಲಿ ನೇತುಹಾಕಿ ಅಳೆಯುವುದಲ್ಲ, ಹಳೆಯದು ಹಿಗ್ಗಿರುತ್ತದೆ. ಕೊಂಡಿ ಎಣಿಸಬೇಕು.

ಎಣ್ಣೆ ಒಂದು ರೋಲರಿಗೆ ಒಂದು ತೊಟ್ಟು. 116 ತೊಟ್ಟು ಅಂದರೆ 6 ಮಿ.ಲೀ. ಆಸುಪಾಸು, ಅದಕ್ಕಿಂತ ಹೆಚ್ಚು ಬೇಡ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಬೇಕು, ಎಣ್ಣೆಯ ಕೆಲಸ ಪಿನ್ನಿನೊಳಗೆ. ಗ್ಯಾರೇಜಿನ ಬಳಸಿದ ಎಂಜಿನ್ ಆಯಿಲಿನಲ್ಲಿ ಲೋಹದ ಪುಡಿ ಇರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಡಬ್ಲ್ಯುಡಿ-40 ಎಂಬುದು ಹೆಸರಲ್ಲೇ ಇರುವಂತೆ ನೀರು ಹೊರದಬ್ಬುವ ದ್ರವ. ನೆನೆದ ರಾತ್ರಿ ಚೈನಿಗೆ ಹೊಡೆಯಲು ಒಳ್ಳೆಯದು, ಬೆಳಗ್ಗೆ ಅದರ ಮೇಲೆ ನಿಜವಾದ ಎಣ್ಣೆ ಬೀಳಲೇಬೇಕು.

ಬ್ರೇಕು ಹಿಡಿಯದ್ದಕ್ಕೆ ಕಾರಣ ಮೂರು

ಒಂದು, ರಬ್ಬರು ತಳ ಕಂಡಿತ್ತು. ಮಳೆಯಲ್ಲಿ ಮರಳು ಬೆರೆತ ನೀರು ರಿಮ್ಮನ್ನೂ ರಬ್ಬರನ್ನೂ ಸಾಣೆ ಹಿಡಿದ ಹಾಗೆ ತೇಯುತ್ತದೆ. ರಬ್ಬರಿನಲ್ಲಿ ಹೊಳೆಯುವ ಅಲ್ಯೂಮಿನಿಯಮ್ ಚೂರುಗಳು ಹೂತಿದ್ದರೆ ಸೂಜಿಯಿಂದ ಕೀಳಬೇಕು, ಅವು ರಿಮ್ಮಿನಲ್ಲಿ ಗೀರು ಹಾಕುತ್ತವೆ. ರಿಮ್ಮಿನ ಬದಿಗೆ ಸ್ಕೇಲಿನ ಅಂಚು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಹೊಟ್ಟೆ ಒಳಗೆ ಹೋಗಿದೆಯೇ ಕಾಣುತ್ತದೆ. ಸವೆತದ ಗುರುತಿನ ಗೆರೆ ಅಳಿಸಿಹೋಗಿದ್ದರೆ ರಿಮ್ಮು ಬದಲಿಸಲೇಬೇಕು. ಗಾಳಿ ತುಂಬಿದ ಟೈರು ಆ ತೆಳು ಗೋಡೆಯನ್ನು ಒಂದು ದಿನ ಒಡೆದು ಹಾರಿಸುತ್ತದೆ.

ಎರಡು, ಬ್ರೇಕಿನ ತೋಳುಗಳು ಅವುಗಳ ಗೂಟಕ್ಕೆ ತುಕ್ಕು ಹಿಡಿದು ಅಂಟಿದ್ದವು. ತೆಗೆದು, ಗೂಟವನ್ನು ನುಣ್ಣನೆಯ ಮರಳು ಕಾಗದದಲ್ಲಿ ಉಜ್ಜಿ, ಗ್ರೀಸು ಸವರಿದ್ದು.

ಮೂರನೆಯದೇ ಅಪಾಯಕಾರಿ. ಹಿಂದಿನ ಬ್ರೇಕಿಗೆ ಯಾರೋ ಗಿಯರಿನ ಹೊರಕವಚ ಹಾಕಿದ್ದರು. ನೋಡಲು ಎರಡೂ ಒಂದೇ. ಬ್ರೇಕಿನದು 5 ಮಿ.ಮೀ., ಒಳಗೆ ಸುರುಳಿ ಸುತ್ತಿದ ಉಕ್ಕು; ಗಿಯರಿನದು 4 ಮಿ.ಮೀ., ಒಳಗೆ ಉದ್ದಕ್ಕೆ ಮಲಗಿದ ತಂತಿಗಳು. ಬ್ರೇಕಿನ ಜೋರಿಗೆ ಆ ಉದ್ದ ತಂತಿಗಳು ಪ್ಲಾಸ್ಟಿಕ್ ಸೀಳಿಕೊಂಡು ಹೊರಬರಬಹುದು, ಅದೂ ಜೀವ ಕೈಯಲ್ಲಿ ಹಿಡಿದು ಬ್ರೇಕು ಒತ್ತಿದಾಗಲೇ. ತಂತಿಗಳಲ್ಲೂ ಬೇರೆ ಬೇರೆ: ಬ್ರೇಕಿಗೆ 1.6 ಮಿ.ಮೀ., ಗಿಯರಿಗೆ 1.2. ಎರಡನ್ನೂ ಸ್ಟೇನ್‌ಲೆಸ್ಸೇ ಕೇಳಬೇಕು. ಕವಚ ಕತ್ತರಿಸಿದ ತುದಿಯನ್ನು ಅರದಿಂದ ಚಪ್ಪಟೆ ಮಾಡಿ, ಒಳಗಿನ ಪ್ಲಾಸ್ಟಿಕ್ ನಾಳವನ್ನು ಸೂಜಿಯಿಂದ ಬಿಡಿಸಿ, ಆಮೇಲೆ ತಂತಿ ತೂರಿಸುವುದು.

ಹೊಸ ರಬ್ಬರು ರಿಮ್ಮಿನಿಂದ ಎರಡೂ ಬದಿ 1 ಮಿ.ಮೀ. ದೂರ, ಮುಂದಿನ ತುದಿ ಹಿಂದಿನದಕ್ಕಿಂತ ಅರ್ಧ ಮಿ.ಮೀ. ಒಳಗೆ ಬಾಗಿರಬೇಕು. ಹಿಂದಿನ ತುದಿಗೆ ರಟ್ಟಿನ ತುಂಡು ಇಟ್ಟು ಬಿಗಿದರೆ ಆ ಓರೆ ತಾನೇ ಬರುತ್ತದೆ, ಕೀರಲು ಸದ್ದು ತಪ್ಪುತ್ತದೆ. ಟೈರಿಗೆ ಮಾತ್ರ ತಾಗಬಾರದು.

ಗಿಯರ್ ತಂತಿಯಲ್ಲಿ ಹಿಂದಿನ ಡಿರೇಲರಿಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಹೋಗುವ ಕೊನೆಯ ಕುಣಿಕೆ ನೀರು ನಿಲ್ಲುವ ಜಾಗ. ಅದೊಂದು ತುಂಡನ್ನು ಪ್ರತಿ ಮಳೆಗಾಲದ ಬಳಿಕ ಬದಲಿಸುವುದು ಸಾಕು, ಪೂರ್ತಿ ಕವಚ ಬೇಡ. ಹೊಂದಿಸುವಾಗ ಮೊದಲು ತಂತಿ ಕಟ್ಟದೆ ಡಿರೇಲರಿನ ಎಚ್ ಸ್ಕ್ರೂ, ಚಿಕ್ಕ ಚಕ್ರದ ನೇರಕ್ಕೆ. ಆಮೇಲೆ ಕೈಯಿಂದ ಒತ್ತಿ ಎಲ್ ಸ್ಕ್ರೂ, ದೊಡ್ಡ ಚಕ್ರ ದಾಟಿ ಚೈನು ಕಡ್ಡಿಗೆ ಬೀಳದಂತೆ. ಕೊನೆಗೆ ತಂತಿ ಕಟ್ಟಿ, ದೊಡ್ಡ ಚಕ್ರಕ್ಕೆ ಏರಲು ತಡವಾದರೆ ತಂತಿ ಬಿಗಿಸುವ ಬ್ಯಾರಲನ್ನು ಗಡಿಯಾರಕ್ಕೆ ವಿರುದ್ಧ ಕಾಲು ಸುತ್ತು, ಮತ್ತೆ ನೋಡಿ ಇನ್ನೊಂದು ಕಾಲು.

ಹಿಂದಿನ ದೀಪದ ಚಾರ್ಜಿಂಗ್ ಕಿಂಡಿಯಲ್ಲಿ ಹಸಿರು ಕಿಲುಬು. ಒದ್ದೆ ಕಿಂಡಿಗೆ ಚಾರ್ಜರ್ ಚುಚ್ಚಿದರೆ ಕರೆಂಟೇ ತಾಮ್ರವನ್ನು ತಿನ್ನುತ್ತದೆ, ಮಳೆ ಒಂದೇ ಇಷ್ಟು ಬೇಗ ಕೆಡಿಸುವುದಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಮೇಲೆ ಹಿಡಿಯಿತು. ಮನೆಗೆ ಬಂದ ಕೂಡಲೆ ಚಾರ್ಜಿಗೆ ಹಾಕದೆ ಒಂದು ತಾಸು ಕಾಯುವುದು ಒಳ್ಳೆಯದು. ಟೈರಿಗೆ ಉಜ್ಜುವ ಹಳೆಯ ಡೈನಮೋ ಬೇಕೆಂದು ಕೇಳುವವರಿದ್ದಾರೆ. ಅದು ಒದ್ದೆ ಟೈರಿನ ಮೇಲೆ ಜಾರಿ, ಬೆಳಕು ಬೇಕಾದ ಮಳೆಯಲ್ಲೇ ಕೈಕೊಡುತ್ತದೆ.

ಮುಚ್ಚಿದ್ದು

ಸೀಟಿನ ಸೀಳಿನ ಮೇಲೆ ಹಳೆ ಟ್ಯೂಬಿನ 6 ಸೆಂ.ಮೀ. ತುಂಡನ್ನು ಕ್ಲ್ಯಾಂಪಿನ ಮೇಲಿನಿಂದ ಕೆಳಗಿನ ತನಕ ಬಳೆಯಂತೆ ತೊಡಿಸಿದ್ದು. ಮಡ್‌ಗಾರ್ಡು ಪೂರ್ತಿ ಉದ್ದದ್ದು, ಟೈರಿಗೂ ಅದಕ್ಕೂ 10 ಮಿ.ಮೀ. ಅಂತರ. ಮುಂದಿನದರ ತುದಿಗೆ ಹೋಟೆಲಿನ ಖಾಲಿ ಎಣ್ಣೆ ಕ್ಯಾನಿನಿಂದ 10×20 ಸೆಂ.ಮೀ. ಪಟ್ಟಿ ಕತ್ತರಿಸಿ, ನೆಲಕ್ಕೆ 8 ಸೆಂ.ಮೀ. ಉಳಿಯುವಂತೆ ಎರಡು ರಿವೆಟ್ಟು ಹೊಡೆದದ್ದು. ಬಾಟಮ್ ಬ್ರಾಕೆಟ್ಟಿಗೂ ಚೈನಿಗೂ ರಾಡಿ ಎರಚುವುದು ಮುಂದಿನ ಗಾಲಿ, ಹಿಂದಿನದಲ್ಲ. ಆದ್ದರಿಂದ ಈ ಪಟ್ಟಿಯೊಂದೇ ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

50 ಕಿ.ಮೀ. ಓಡಿಸಿದ ಮೇಲೆ ಕ್ರ್ಯಾಂಕ್ ಬೋಲ್ಟು ಮತ್ತೆ ಬಿಗಿ ನೋಡಬೇಕು, ಚೌಕ ತೂತು ಅಚ್ಚಿನ ಮೇಲೆ ಇನ್ನಷ್ಟು ಕೂತಿರುತ್ತದೆ. ಇಲ್ಲಿ ಎಡದ್ದು ಎಂಟನೇ ಒಂದು ಸುತ್ತು ಹೋಯಿತು. ಹಬ್ಬಿನ ಲಾಕ್‌ನಟ್ಟು ಅಲ್ಲಾಡಿರಲಿಲ್ಲ.

ಮುಂದಿನ ಜೂನಿನಿಂದ: ನೀರಿನಲ್ಲಿ ಅಚ್ಚು ಮುಳುಗಿದ ದಿನ ರಾತ್ರಿ ಸೀಟಿನ ಕಂಬಕ್ಕೆ ಟೇಪಿನಿಂದ ಎತ್ತರದ ಗುರುತು ಹಚ್ಚಿ, ಕಂಬ ಹೊರತೆಗೆದು, ಸೈಕಲನ್ನು ಬೋರಲು ನಿಲ್ಲಿಸಿ ಕಾಲು ತಾಸು. ತಳದ 4 ಮಿ.ಮೀ. ತೂತಿಗೆ ಛತ್ರಿಯ ಕಡ್ಡಿ ಚುಚ್ಚಿ ತೆರೆದಿದೆಯೇ ನೋಡುವುದು. ಹಬ್ಬು ಮುಳುಗಿದ್ದರೆ ಒಂದು ವಾರದೊಳಗೆ ಬಿಚ್ಚಿ ಗ್ರೀಸು ಬದಲಿಸುವುದು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪಿನಿಂದ ಮಾತ್ರ ತೊಳೆಸಬಾರದು, ಗಾಂಧಿ ಮಾರ್ಕೆಟಿನ ನೀರಿಗೆ ಹೊಗಲಾಗದ ಸಂದಿಗೂ ಅದು ಹೊಗುತ್ತದೆ.